ಹಳೇ ಡಬ್ಬಿ ತೆಗೆ

ಗಂಟಲಿನ ಗಡ್ಡೆಯ ಜೊತೆಗೆ ದನಿಪೆಟ್ಟಿಗೆಯನ್ನೂ ತೆಗೆಯಬೇಕೆಂದು ವೈದ್ಯರು ಹೇಳಿದ ದಿನ ನಾನು ಅಳಲಿಲ್ಲ. ಮಾತಿನ ಮಲ್ಲಿ ಎಂದು ಹೆಸರಾದವಳು. ಇನ್ನು ಮಗಳನ್ನು ಬೈಯುವವರು ಯಾರು ಎಂಬುದೇ ಚಿಂತೆಯಾಯಿತು. ಆಪರೇಷನ್ನಿಗೆ ಮುಂಚೆ ನನ್ನ ದನಿಯನ್ನು ಅವಳಿಗಾಗಿ ಕೂಡಿಡಲು ಹೊರಟೆ: ಕಥೆ, ಲಾಲಿ, ದೊಡ್ಡವಳಾದಾಗ ಬೇಕಾಗುವ ಬುದ್ಧಿಮಾತು, ಒಂದಿಷ್ಟು ಬೈಗುಳ.

ಅದನ್ನು ಕಂಡವರ ಕಂಪನಿಯಲ್ಲಿ ಇಡುವುದು ಬೇಡ, ಮನೆಯಲ್ಲೇ ಇಡೋಣ ಎಂದರು ನನ್ನ ಗಂಡ. ಮೆಟ್ಟಿಲ ಕೆಳಗೆ ಹಳೆಯ ಕಂಪ್ಯೂಟರ್ ಕೂರಿಸಿದರು. ನಾನು ಫೋನಿನಲ್ಲಿ ಗುಂಡಿ ಒತ್ತಿ ಮಾತಾಡಿದರೆ ಮಾತು ನೇರವಾಗಿ ಅದರೊಳಗೆ ಹೋಗಿ ಕೂರುತ್ತಿತ್ತು. ಫೋನಿನಲ್ಲಿ ಏನೂ ಉಳಿಯುತ್ತಿರಲಿಲ್ಲ. ಹೀಗೆ ಮಾತು ಹಿಡಿದಿಡುವ ತಂತ್ರಾಂಶವನ್ನು ಅದರ ಸರಂಜಾಮಿನ ಸಮೇತ ಕಂಪ್ಯೂಟರಿನೊಳಗೇ ಕಂಟೇನರ್ ಎಂಬ ಆವರಣದಲ್ಲಿ ಮುಚ್ಚಿ ನಡೆಸುತ್ತಾರಂತೆ. ನಮ್ಮ ಮನೆಯಲ್ಲಿ ಅದಕ್ಕೆ ಡಬ್ಬಿ ಎಂದೇ ಹೆಸರು. ಡಬ್ಬಿಯನ್ನು ಯಾವ ಸಾಧನದಿಂದ ನಡೆಸಬೇಕೆಂದು ಜಟಾಪಟಿ ಶುರುವಾಯಿತು. ಎಲ್ಲರೂ ಬಳಸುವ ಹಳೆಯ ಸಾಧನವೇ ಇರಲಿ ಎಂದು ಗಂಡ. ಅದರಲ್ಲಿ ಎಲ್ಲ ಡಬ್ಬಿಗಳಿಗೂ ಒಬ್ಬನೇ ಮೇಸ್ತ್ರಿ, ಅವನು ಮಲಗಿದರೆ ಎಲ್ಲವೂ ಮಲಗುತ್ತವೆ, ಮೇಸ್ತ್ರಿಯೇ ಇಲ್ಲದ ಹೊಸದು ವಾಸಿ ಎಂದು ನನ್ನ ತಮ್ಮ.

"ಭಾವ, ಯಾವ್ದಾದ್ರೂ ಇಟ್ಕೊಳಿ. ಆದ್ರೆ ಸಾಮಾನು, ಅಂದ್ರೆ ಅಕ್ಕನ ಮಾತು, ಡಬ್ಬಿ ಒಳಗೆ ಬಿಡ್ಬೇಡಿ. ಡಬ್ಬಿ ಹೋದ್ರೆ ಒಳಗಿಂದೂ ಹೋಗತ್ತೆ. ಹೊರಗಡೆ ಒಂದು ಫೋಲ್ಡರ್‌ಗೆ ಜೋಡ್ಸಿ."

"ಜೋಡ್ಸಿದೀನಿ ಕಣೋ. ನಂಗೇ ಪಾಠ ಹೇಳ್ಬೇಡ."

ಜೋಡಿಸಿರಲಿಲ್ಲ. ಯಾವುದೆಂದು ತೀರ್ಮಾನವಾದ ಮೇಲೆ ನೋಡಿಕೊಂಡರಾಯಿತು ಎಂದುಕೊಂಡಿದ್ದರು. ಭಾಮೈದನ ಮುಂದೆ ತಗ್ಗಲು ಮನಸ್ಸಿರಲಿಲ್ಲ.

ತಮ್ಮ ಹಟಕ್ಕೆ ಬಿದ್ದು ಪಕ್ಕದಲ್ಲೇ ಹೊಸ ಡಬ್ಬಿ ಎಬ್ಬಿಸಿದ. ಪರೀಕ್ಷೆಗೆಂದು ಅದರಲ್ಲಿ ಒಂದೇ ಮಾತಾಡಿದೆ. ಉಳಿದದ್ದನ್ನೆಲ್ಲ ಹಳೆಯದರಲ್ಲಿ, ಗಂಟಲು ಕಟ್ಟುವವರೆಗೂ ತುಂಬಿದೆ.

ಆಸ್ಪತ್ರೆಯಿಂದ ಬಂದಾಗ ಕತ್ತಿನಲ್ಲಿ ತೂತು, ಕೈಯಲ್ಲಿ ಸ್ಲೇಟು. ಗಂಡ ಔಷಧಿ ತರಲು ಹೋಗಿದ್ದರು. ನನ್ನ ದನಿಯನ್ನು ಒಮ್ಮೆ ಕೇಳಬೇಕು ಎಂದು ಜೀವ ಹಂಬಲಿಸಿತು. ಕಂಪ್ಯೂಟರಿನ ಮುಂದಿದ್ದ ತಮ್ಮನಿಗೆ ಬರೆದು ತೋರಿಸಿದೆ: ಹಳೇ ಡಬ್ಬಿ ತೆಗೆ.

ಬಾಗಿಲು ತೆಗೆ ಅಂದರೆ ಯಾರೂ ಬಾಗಿಲು ಕಿತ್ತು ಬಿಸಾಡುವುದಿಲ್ಲ. ಆದರೆ ಯಾವ ಡಬ್ಬಿ ಇಡೋದು, ಯಾವುದು ತೆಗೆಯೋದು ಎಂದು ವಾರಗಟ್ಟಲೆ ಕಚ್ಚಾಡಿದವನಿಗೆ ಆ ಮಾತಿನಲ್ಲಿ ಒಂದೇ ಅರ್ಥ ಉಳಿದಿತ್ತು.

"ಕೊನೆಗೂ ನನ್ನ ಕಡೆ ಬಂದ್ಯಲ್ಲ ಅಕ್ಕ!" ಅವನ ಮುಖ ಅರಳಿತು. "ಭಾವ ಬರೋದ್ರೊಳಗೆ ತೆಗೆದುಬಿಡ್ತೀನಿ. ಸಾಮಾನು ಹೇಗೂ ಹೊರಗಿದೆ, ಹೊಸದಕ್ಕೆ ಜೋಡ್ಸಿದ್ರಾಯ್ತು."

ಬೇಡ ಎಂದು ಕಿರುಚಿದೆ. ಕತ್ತಿನ ತೂತಿನಿಂದ ಬರಿ ಗಾಳಿ ಬಂತು. ಮೇಜು ಗುದ್ದಿದೆ.

"ಇರಕ್ಕ, ಅದೇನು ಅವಸರ!" ಎಂದು ನಕ್ಕು ಅಳಿಸುವ ಗುಂಡಿ ಒತ್ತಿಯೇಬಿಟ್ಟ.

ಗಂಡ ಬಂದ ಮೇಲೆ ತಮ್ಮ ಅವರ ಮುಂದೆಯೇ ಹೊರಗಿನ ಫೋಲ್ಡರ್ ತೆರೆದ. ಖಾಲಿ. ಔಷಧಿಯ ಚೀಲ ಇನ್ನೂ ಅವರ ಕೈಯಲ್ಲೇ ಇತ್ತು. ಇಬ್ಬರ ಮೇಲೂ ನನಗೆ ಸಿಟ್ಟು ಬಂತು, ಇವತ್ತಿಗೂ ಇದೆ. ಅವರಿಬ್ಬರು ಮುಖ ಕೊಟ್ಟು ಮಾತಾಡುವುದಿಲ್ಲ. ಈ ಮನೆಯಲ್ಲಿ ಮಾತು ಹೋಗಿರುವುದು ನನಗೊಬ್ಬಳಿಗೇ ಅಲ್ಲ.

ಉಳಿದದ್ದು ಹೊಸ ಡಬ್ಬಿಯಲ್ಲಿ ಪರೀಕ್ಷೆಗೆ ಆಡಿದ ಆ ಒಂದು ಮಾತು: "ಹಲೋ, ನಾನು ಕಣ್ರೋ. ಕೇಳಿಸ್ತಾ ಇದೆಯಾ?"

ಮಲಗುವ ಮುಂಚೆ ಮಗಳು ಅದನ್ನೇ ಫೋನಿನಲ್ಲಿ ಹಾಕಿಸಿಕೊಳ್ಳುತ್ತಾಳೆ. ನಾನು ಪಕ್ಕದಲ್ಲೇ ಕೂತು ಅವಳ ತಲೆ ಸವರುತ್ತಿರುತ್ತೇನೆ. ಅವಳು ನನ್ನ ಕಡೆ ತಿರುಗುವುದಿಲ್ಲ. ಫೋನಿಗೆ ಬಾಯಿ ಹಚ್ಚಿ ಹೇಳುತ್ತಾಳೆ:

"ಕೇಳಿಸ್ತಾ ಇದೆ ಅಮ್ಮ. ಆಮೇಲೆ?"