ನೀರು ಬರುವ ತನಕದ ಗಡ್ಡ

ಕತ್ತರಿ ಕೈಗೆತ್ತಿಕೊಂಡ ಮೇಲೆ ಅನಂತನಿಗೆ ಅನುಮಾನ ಬಂತು: ಈ ಗಡ್ಡದ ಕೆಳಗೆ ತನ್ನ ಮುಖ ಇನ್ನೂ ಇದೆಯೋ ಇಲ್ಲವೋ. ಕನ್ನಡಿಯಲ್ಲಿದ್ದವನಿಗೂ ಅದು ಗೊತ್ತಿದ್ದಂತೆ ಕಾಣಲಿಲ್ಲ.

"ಇವತ್ತರ ತೆಗೀತೀರೇನು?" ಹೆಂಡತಿ ಗೋಪಿಕಾಬಾಯಿ ಒಳಗಿನಿಂದ ಕೇಳಿದಳು.

"ಸಾಹೇಬ್ರು ಬರ್ಲಿ. ಅವರನ್ನ ಒಂದು ಮಾತು ಕೇಳಿ ತೆಗೀತೇನಿ."

"ಬೆಳಸೂ ಮುಂದ ಅವರನ್ನ ಕೇಳಿದ್ರೇನು?"

ಕೇಳಿರಲಿಲ್ಲ. ಎಪ್ಪತ್ತೆಂಟರ ಚುನಾವಣೆಯಲ್ಲಿ ಪರಮೇಶಪ್ಪ ಸವಣೂರಿನ ಪೇಟೆಯಲ್ಲಿ ನಿಂತು, ಗೆದ್ದರೆ ವರದಾ ನದಿಯ ನೀರನ್ನು ಮನೆಮನೆಗೂ ತರುತ್ತೇನೆ, ಇನ್ನು ಮೇಲೆ ಎಲ್ಲವೂ ಬದಲಾಗುತ್ತದೆ ಅಂದಿದ್ದ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಅನಂತ, ಎಷ್ಟು ರಾಜರು ಬಂದು ಹೋದರೆಂದು ಬಲ್ಲವನು, ಅಷ್ಟಕ್ಕೇ ಮೈಮರೆತ. ಮೈಕು ಇಸಿದುಕೊಂಡು, "ನೀರು ಬರೂ ತನಕ ನಾ ಗಡ್ಡ ತೆಗಿಯೂದಿಲ್ಲ" ಎಂದು ಆಣೆ ಮಾಡಿದ. ಜನ ಶಿಳ್ಳೆ ಹಾಕಿದರು. ತಾನೂ ಊರಿಗೆ ಬೇಕಾದವನು ಎಂದು ಅವನಿಗೆ ಅವತ್ತು ಮೊದಲ ಸಲ ಅನ್ನಿಸಿತ್ತು.

ಪರಮೇಶಪ್ಪ ಗೆದ್ದ. ಮಂತ್ರಿಯೂ ಆದ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ನೀರು ಬರಲಿಲ್ಲ, ಗಡ್ಡ ಬಂತು.

ಅನಂತನ ಮನೆತನದಲ್ಲಿ ಗಂಡಸರು ಸುಮ್ಮಸುಮ್ಮನೆ ಗಡ್ಡ ಬಿಡುವುದಿಲ್ಲ. ಸೂತಕವಿರಬೇಕು, ಇಲ್ಲವೇ ಹೆಂಡತಿ ಬಸುರಿಯಾಗಿರಬೇಕು. ಸತ್ತವರು ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಮಠಕ್ಕೆ ಬರುವ ಹೆಂಗಸರು ಗೋಪಿಕಾಬಾಯಿಯ ಹೊಟ್ಟೆಯತ್ತ ನೋಡತೊಡಗಿದರು. ನಲವತ್ತೈದು ದಾಟಿದ್ದ ಅವಳು ಮಠಕ್ಕೆ ಹೋಗುವುದನ್ನೇ ಬಿಟ್ಟಳು.

ಮೊದಮೊದಲು ಊರಿನವರು, "ನೀರು ಎಲ್ಲೀ ತನಕ ಬಂತ್ರೀ ಮಾಸ್ತರ?" ಎಂದು ಗಡ್ಡ ನೋಡಿ ನಗುತ್ತಿದ್ದರು. ಆಮೇಲೆ ಕೇಳುವುದನ್ನೂ ಬಿಟ್ಟರು. ಅನಂತನಿಗೆ ನೋವಾದದ್ದು ಅದಕ್ಕೇ. ತೆಗೆದರೆ ಮಾಸ್ತರರೂ ಮಾತಿಗೆ ತಪ್ಪಿದರು ಅನ್ನುತ್ತಾರೆ. ಇಟ್ಟುಕೊಂಡರೆ ಪರಮೇಶಪ್ಪನನ್ನು ಇನ್ನೂ ನಂಬಿದಂತೆ. ಆ ನಂಬಿಕೆ ಸತ್ತು ಎಷ್ಟೋ ದಿನವಾಗಿತ್ತು. ಹಾಗಾದರೆ ಇದು ಸೂತಕದ ಗಡ್ಡವೇ ಎಂದುಕೊಂಡು ಒಬ್ಬನೇ ನಕ್ಕ.

ಇವತ್ತು ಪರಮೇಶಪ್ಪ ಯಾವುದೋ ಕಟ್ಟಡದ ಉದ್ಘಾಟನೆಗೆ ಬರುವವನಿದ್ದ. ನಾಲ್ಕು ಜನರೆದುರು ಅವನನ್ನು ಕೇಳಬೇಕು: ನೀರು ಬರುತ್ತದೋ ಇಲ್ಲವೋ? ಇಲ್ಲ ಅಂದರೂ ಸಾಕು, ತನಗೆ ಬಿಡುಗಡೆ. ಅನಂತ ಒಗೆದ ಧೋತರ ಉಟ್ಟು, ಶಲ್ಯ ಹೊದ್ದು ಹೊರಟ.

ಕಟ್ಟಡದ ಮುಂದೆ ಸ್ವಾಗತಕ್ಕೆಂದು ಕುಂಭ ಹೊತ್ತ ಹೆಂಗಸರು ಸಾಲಾಗಿ ನಿಂತಿದ್ದರು. ಅನಂತನಿಗೆ ನೆರೆಮನೆಯ ವೀರವ್ವನ ಪಕ್ಕ ಜಾಗ ಸಿಕ್ಕಿತು.

"ಭಾರ ಆಗೂದಿಲ್ಲೇನು ವೀರವ್ವ?"

"ಎಲ್ಲೀ ಭಾರರಿ? ಖಾಲೀನ ಅದಾವು. ಕುಡ್ಯಾಕ ನೀರಿಲ್ಲ, ಕುಂಭಕ್ಕ ಎಲ್ಲಿಂದ ತರೂದು? ಮ್ಯಾಲ ಎಲಿ, ಕಾಯಿ ಇಟ್ಟೇವಿ. ಸಾಹೇಬ್ರೇನು ಇಣಿಕಿ ನೋಡ್ತಾರ?"

"ನಾ ಇವತ್ತ ಕೇಳೇ ಬಿಡ್ತೇನಿ."

"ಕೇಳ್ರಿ, ಕೇಳ್ರಿ," ಅಂದಳು ವೀರವ್ವ, ಹಟ ಹಿಡಿದ ಕೂಸನ್ನು ಸಮಾಧಾನ ಮಾಡುವ ದನಿಯಲ್ಲಿ.

ಜೀಪು ಬಂತು. ಪರಮೇಶಪ್ಪ ಇಳಿದ. ಅನಂತ ಸಾಲು ಬಿಟ್ಟು ಅವನ ದಾರಿಗೆ ಅಡ್ಡ ನಿಂತ.

"ಸಾಹೇಬ್ರ, ನೀರು..."

ಪರಮೇಶಪ್ಪ ನೋಡಿದ. ಎದೆಗಿಳಿದ ಗಡ್ಡ, ಶಲ್ಯ, ಹಣೆಯ ಮೇಲೆ ಅಂಗಾರ ಅಕ್ಷತೆಯ ನಾಮ. ಗುರುತು ಸಿಗಲಿಲ್ಲ. ಆದರೆ ಜನರೆದುರು ಇಂಥವರು ಸಿಕ್ಕರೆ ಏನು ಮಾಡಬೇಕೆಂದು ಅವನಿಗೆ ಗೊತ್ತಿತ್ತು. ಚಪ್ಪಲಿ ಬಿಟ್ಟು, ಬಗ್ಗಿ, ಅನಂತನ ಕಾಲು ಮುಟ್ಟಿದ.

"ಮುಂದಿನ ಸಲಾನೂ ಗೆಲ್ಲೂ ಹಂಗ ಹರಸ್ರಿ, ಸ್ವಾಮಿಗೋಳ."

ನಾನು ಸ್ವಾಮಿಯಲ್ಲ, ಮಾಸ್ತರ ಅನ್ನಬೇಕಿತ್ತು. ಜನ ಕಾಯುತ್ತಿದ್ದರು. ಅನಂತನ ಬಲಗೈ, ಅವನನ್ನು ಕೇಳದೆ, ಮೇಲೆದ್ದು ಮಂತ್ರಿಯ ತಲೆಯ ಮೇಲೆ ನಿಂತಿತು. ಅದನ್ನು ನೋಡಿ ಅವನಿಗೇ ನಾಚಿಕೆಯಾಯಿತು.

ಪರಮೇಶಪ್ಪ ಎದ್ದು ಒಳಗೆ ಹೋದ. ಮಂತ್ರಿಯೇ ಬಗ್ಗಿದ ಮೇಲೆ ಉಳಿದವರು ಬಿಟ್ಟಾರೆಯೇ? ಹೆಂಗಸರು ಒಬ್ಬೊಬ್ಬರೇ ಕುಂಭ ಕೆಳಗಿಟ್ಟು ಕಾಲಿಗೆ ಬೀಳತೊಡಗಿದರು. ವೀರವ್ವನೂ ಬಂದಳು.

"ವೀರವ್ವ, ನೀನೂ?"

"ಇರ್ಲಿ ಬಿಡ್ರಿ ಮಾಸ್ತರ." ಅವಳು ನಗುತ್ತಿದ್ದಳೋ ಇಲ್ಲವೋ ತಿಳಿಯಲಿಲ್ಲ. "ಕೈ ಇಳಸಬ್ಯಾಡ್ರಿ. ಹಿಂದ ಭಾಳ ಮಂದಿ ನಿಂತಾರ."

ಅನಂತ ಕೈ ಇಳಿಸಲಿಲ್ಲ. ಅವನ ಕಾಲ ಬಳಿ ಕೊಡಗಳ ಸಾಲು ಬೆಳೆಯುತ್ತ ಹೋಯಿತು. ಯಾರದೋ ಸೆರಗು ತಗುಲಿ ಒಂದರ ಮೇಲಿನ ಕಾಯಿ ಉರುಳಿ ಬಿತ್ತು. ಕೊಡ ಬಾಯಿ ತೆರೆದುಕೊಂಡು ಅವನ ಕೈಯನ್ನೇ ನೋಡುತ್ತಿತ್ತು.