ಭಾನುವಾರದ ಮಾತ್ರೆ

ಕಾಲರಕ್ಕನ ಮಗಳು ನಾಲ್ಕು ತಿಂಗಳು ಮುಟ್ಟಾಗಿರಲಿಲ್ಲ. ಆದ ಮೇಲೆ ಹದಿನೆಂಟು ದಿನ ನಿಲ್ಲಲಿಲ್ಲ.

ಇಪ್ಪತ್ತು ವರ್ಷದಿಂದ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರು ಕೂರಿಸುತ್ತಿದ್ದುದರಿಂದ ತಾಯಿಗೆ ಆ ಹೆಸರು. ಹತ್ತೊಂಬತ್ತರ ಮಗಳು ಅದೇ ಸಾಲಿನಲ್ಲಿ, ಎರಡು ಮೆಷಿನ್ ಆಚೆ, ತೋಳು ಹೊಲಿಯುತ್ತಿದ್ದಳು. ಶೌಚಾಲಯಕ್ಕೆ ಹೋಗಲು ಇಡೀ ಸಾಲಿಗೆ ಒಂದೇ ಟೋಕನ್. ಹುಡುಗಿ ಬಟ್ಟೆಚೂರುಗಳನ್ನು ಮಡಿಚಿ ಇಟ್ಟುಕೊಂಡು, ಹಲ್ಲು ಕಚ್ಚಿ ಕೂರುತ್ತಿದ್ದಳು.

ಕೊನೆಗೆ ಆಸ್ಪತ್ರೆಗೆ ಹೋದರು. ಡಾಕ್ಟರಮ್ಮ ರಕ್ತ ಪರೀಕ್ಷೆ, ಸ್ಕ್ಯಾನ್ ಮಾಡಿಸಿ, ಇದು ಪಿಸಿಓಎಸ್, ಹಾರ್ಮೋನ್ ಏರುಪೇರಿನ ತೊಂದರೆ ಎಂದರು. ಹಾರ್ಮೋನ್ ಮಾತ್ರೆ ಬರೆದು, ಇಪ್ಪತ್ತೊಂದು ದಿನ ತಪ್ಪಿಸದೆ ನುಂಗಬೇಕು ಎಂದು ಹೇಳಿದರು. ಬಾಗಿಲಾಚೆ ಜನ ತಳ್ಳಾಡುತ್ತಿದ್ದರು. ಕಾಲರಕ್ಕ ಹೂಂಗುಟ್ಟಿ ಎದ್ದಳು.

ಅವಳ ಲೆಕ್ಕದಲ್ಲಿ ಅದು ಗೊತ್ತಿದ್ದ ಮಾತ್ರೆಯೇ. ಸರಕಿನ ಲಾರಿ ಹೊರಡುವ ವಾರ ರಜೆ ಸಿಗದು. ಆಗ ಸಾಲಿನ ಹೆಂಗಸರು ಮುಟ್ಟು ಮುಂದೂಡಲು ಒಂದು ಮಾತ್ರೆ ನುಂಗುತ್ತಿದ್ದರು. ಅದಕ್ಕೆ ‘ಲೋಡ್ ಮಾತ್ರೆ’ ಎಂದೇ ಹೆಸರು. ಕೆಲಸವಿದ್ದರೆ ನುಂಗು, ಇಲ್ಲದಿದ್ದರೆ ಬಿಡು. ಹೀಗಾಗಿ ಭಾನುವಾರ ಮಗಳಿಗೆ ಮಾತ್ರೆ ಇಲ್ಲ. “ಮೆಷಿನ್ನಿಗೂ ಇವತ್ತು ಎಣ್ಣೆ ಬಿಡಲ್ಲ, ನಿನಗ್ಯಾಕೆ?” ಎಂದು ನಗುತ್ತಿದ್ದಳು.

ಅಷ್ಟರಲ್ಲಿ ಬಟ್ಟೆ ಬರದೆ ಕಾರ್ಖಾನೆ ಹತ್ತು ದಿನ ಮುಚ್ಚಿತು. ಮಾತ್ರೆಯೂ ಡಬ್ಬಿ ಸೇರಿತು. ಮೂರನೆಯ ದಿನ ಮತ್ತೆ ರಕ್ತ ಶುರುವಾಯಿತು.

“ನಾಲ್ಕು ತಿಂಗಳ ಕೆಟ್ಟ ರಕ್ತ, ಹೋಗ್ಲಿ ಬಿಡು. ತಡೆದ್ರೆ ತಲೆಗೇರುತ್ತೆ” ಎಂದಳು ಕಾಲರಕ್ಕ.

ಆರನೆಯ ದಿನ ಮಗಳು ಗೋಡೆ ಹಿಡಿದು ನಡೆದು ಬಂದು ಹೇಳಿದಳು, “ಕೆಟ್ಟದ್ದೆಲ್ಲ ಹೋಯ್ತು ಕಣಮ್ಮ. ಈಗ ಒಳ್ಳೇದು ಹೋಗ್ತಾ ಇದೆ ಅನ್ಸುತ್ತೆ.”

ತಾಯಿ ನಕ್ಕುಬಿಟ್ಟಳು. ಆ ನಗು ಅವಳನ್ನು ಇವತ್ತಿಗೂ ಬಿಟ್ಟಿಲ್ಲ.

ಕಾರ್ಖಾನೆ ತೆರೆದ ದಿನ ಹುಡುಗಿ ಹೊಲಿಯುತ್ತಲೇ ಮುಂದಕ್ಕೆ ವಾಲಿದಳು. ಸೂಜಿ ಬೆರಳಿನೊಳಗೆ ಹೋಗಿತ್ತು. ಅವಳು ಕೂಗಲೇ ಇಲ್ಲ. ಎತ್ತಲು ಬಂದ ಕಾಲರಕ್ಕನ ಎರಡೂ ಕೈ ಒದ್ದೆಯಾದವು. ಸ್ಟೂಲಿನಿಂದ ನೆಲಕ್ಕೆ ರಕ್ತ ತೊಟ್ಟಿಕ್ಕುತ್ತಿತ್ತು.

ಆಸ್ಪತ್ರೆಯಲ್ಲಿ ಎರಡನೆಯ ಬಾಟಲಿ ರಕ್ತ ಏರುವ ಹೊತ್ತಿಗೆ ನರ್ಸಮ್ಮ ಮಾತ್ರೆಯ ಪಟ್ಟಿ ಕೇಳಿ ಪಡೆದರು. ವಾರದ ಹೆಸರು ಅಚ್ಚಾಗಿದ್ದ ಅದರಲ್ಲಿ ಭಾನುವಾರದ ಮಾತ್ರೆಗಳು ಹಾಗೇ ಇದ್ದವು, ಕೊನೆಯ ಸಾಲು ಇಡಿಯಾಗಿತ್ತು. ಯಾಕೆಂದು ಕೇಳಿದರು. ಕಾಲರಕ್ಕ ಹೇಳಿದಳು. ಅವರು ಬೈಯಲಿಲ್ಲ. ಪಕ್ಕದಲ್ಲಿ ಕೂತರು.

“ಅಕ್ಕಾ, ನಿಮ್ಮಲ್ಲಿ ಕತ್ತರಿಸೋ ಮೇಜಿನ ಮೇಲೆ ಪದರದ ಮೇಲೆ ಪದರ ಬಟ್ಟೆ ಹಾಸ್ತಾನೇ ಹೋಗಿ, ಕತ್ತರಿಸೋರು ಬರದೇ ಇದ್ರೆ?”

“ಗುಡ್ಡೆ ಬೀಳುತ್ತೆ. ಒಂದಿನ ಜಾರಿ ಕುಸಿಯುತ್ತೆ.”

“ಗರ್ಭಕೋಶದ ಒಳಪದರಾನೂ ಹಾಗೇ. ಇವಳಿಗೆ ತಿಂಗಳು ತಿಂಗಳು ಅಂಡ ಬಿಡುಗಡೆ ಆಗಲ್ಲ. ಪದರ ಬೆಳೀತಾನೇ ಹೋಗಿ, ಹೇಗೆಂದ್ರೆ ಹಾಗೆ ಕಳಚುತ್ತೆ. ವರ್ಷಗಟ್ಟಲೆ ಬಿಟ್ರೆ ಕ್ಯಾನ್ಸರ್ ಭಯನೂ ಇದೆ. ಈ ಮಾತ್ರೆ ಪದರಾನ ಹದ್ದುಬಸ್ತಿನಲ್ಲಿಡುತ್ತೆ. ನಡುವೆ ನಿಲ್ಲಿಸಿದ್ರೆ ರಕ್ತ ಶುರುವಾಗುತ್ತೆ.”

ಕಾಲರಕ್ಕ ಮಗಳ ಹೊದಿಕೆ ಸರಿಪಡಿಸಿದಳು. ಆಮೇಲೆ ಕೇಳಿದಳು, “ಇದು ನುಂಗಿದ್ರೆ ಮುಂದೆ ಮಕ್ಕಳಾಗಲ್ವಂತೆ?”

“ನುಂಗ್ತಾ ಇರೋವರೆಗೆ ಮಾತ್ರ ತಡೆಯುತ್ತೆ, ಬಂಜೆ ಮಾಡಲ್ಲ. ಮಕ್ಕಳ ಮಾತು ಇರ್ಲಿ ಅಕ್ಕಾ. ಮೊದಲು ನಿಮ್ಮ ಮಗಳು ಉಳೀಲಿ.”

ಈ ಮಾತ್ರೆ ಎಲ್ಲರಿಗೂ ಆಗಿಬರುವುದಿಲ್ಲ, ಬಿ.ಪಿ., ಅರೆತಲೆನೋವು, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಬೇಕು, ಒಬ್ಬರ ಮಾತ್ರೆ ಇನ್ನೊಬ್ಬರು ನುಂಗಲೇಬಾರದು ಎಂದೂ ಅವರು ತಿಳಿಸಿದರು.

ಹುಡುಗಿ ಉಳಿದಳು. ಬೆರಳು ಮಾತ್ರ ಇನ್ನೂ ಸರಿಯಾಗಿ ಮಡಚಲಾಗುವುದಿಲ್ಲ. ಡಾಕ್ಟರಮ್ಮ ಕಬ್ಬಿಣಾಂಶದ ಮಾತ್ರೆಯ ಜೊತೆಗೆ ಹೊಸ ಪಟ್ಟಿ ಶುರುಮಾಡಿಸಿದ ಮೇಲಿನ ಮೊದಲ ಭಾನುವಾರ, ಕಾಲರಕ್ಕ ಲೋಟದಲ್ಲಿ ನೀರು ಹಿಡಿದು ಎಬ್ಬಿಸಿದಳು.

“ಇವತ್ತು ರಜೆ ಅಲ್ವೇನಮ್ಮ?”

“ರಜೆ ಕಾರ್ಖಾನೆಗೆ. ನಿನ್ನ ಗರ್ಭಕೋಶಕ್ಕಲ್ಲ. ನುಂಗು.”

ತಾಯಂದಿರೇ, ಮಗಳು ಮೂರು ತಿಂಗಳಾದರೂ ಮುಟ್ಟಾಗದಿದ್ದರೆ, ಎಂಟು ದಿನ ದಾಟಿಯೂ ರಕ್ತ ನಿಲ್ಲದಿದ್ದರೆ, ಡಾಕ್ಟರಿಗೆ ತೋರಿಸಿ. ಗಂಟೆಗೊಂದು ಪ್ಯಾಡ್ ನೆನೆದರೆ, ಕಣ್ಣು ಕತ್ತಲಿಟ್ಟರೆ ತಕ್ಷಣ ಆಸ್ಪತ್ರೆಗೆ ಓಡಿ. ಅವರು ಕೊಟ್ಟ ಮಾತ್ರೆಯನ್ನು ಅವರನ್ನು ಕೇಳದೆ ಬಿಡಬೇಡಿ. ಅರ್ಥವಾಗದಿದ್ದರೆ, ಹಿಂದೆ ಎಷ್ಟೇ ಜನ ನಿಂತಿರಲಿ, ಎದ್ದು ಬರಬೇಡಿ, ಇನ್ನೊಮ್ಮೆ ಕೇಳಿ. ಕಾಲರಕ್ಕ ಅಂದು ಕೇಳಿರಲಿಲ್ಲ.