ಚಹಾ ತಟ್ಟೆಯ ಮೇಲಿನ ಪುದೀನ

ಮಧ್ಯಾಹ್ನ ಎರಡು ಇಪ್ಪತ್ತಕ್ಕೆ ಬೂಸಲ್ಹಾಮ್ ಮಾಳಿಗೆ ಹತ್ತಿದಾಗ ಹೆಂಡತಿಯ ಪುದೀನ ಗಿಡ ಜೋತುಬಿದ್ದಿತ್ತು. ಎಲೆಗಳು ಒದ್ದೆ ಬಟ್ಟೆಯ ಹಾಗೆ ಕುಂಡದ ಅಂಚಿಗೆ ಅಂಟಿಕೊಂಡಿದ್ದವು. ಅಂದು ಮೇ ಒಂಬತ್ತು, ಸೋಮವಾರ. ಮಗಳ ಬಾಣಂತನಕ್ಕೆಂದು ದೂರದ ವಜ್ದಾ ಊರಿಗೆ ಹೋಗಿದ್ದ ಹೆಂಡತಿ ಝಹೂರ್ ಮೆಕ್ನೆಸ್‌ನ ಮನೆಗೆ ಮರಳುವುದು ಇಪ್ಪತ್ತೇಳರ ಶುಕ್ರವಾರ.

ಆ ಗಿಡದ ಬೇರು ಬಂದದ್ದು ಝರ್ಹೂನ್ ಬೆಟ್ಟದ ಅವಳ ತವರಿನಿಂದ. ಮದುವೆಯಾದ ವರ್ಷ ತಾಯಿ ಒದ್ದೆ ಗೋಣಿಯಲ್ಲಿ ಸುತ್ತಿಕೊಟ್ಟದ್ದನ್ನು ಅವಳು ಮೂವತ್ತೊಂದು ವರ್ಷ ಕುಂಡದಿಂದ ಕುಂಡಕ್ಕೆ ದಾಟಿಸಿದ್ದಳು. ತಾಯಿ ಈಗಿಲ್ಲ, ತವರಿನ ತೋಟ ಪರರದು. ಹೊರಡುವಾಗ ಅವಳು ಗಂಡನಿಗೆ ಮನೆಯ ಬಗ್ಗೆ ಏನೂ ಹೇಳಿರಲಿಲ್ಲ. ಪುದೀನ ನೋಡಿಕೊಳ್ಳಿ ಎಂದಷ್ಟೇ ಹೇಳಿದ್ದಳು.

ಬೂಸಲ್ಹಾಮ್ ನೋಡಿಕೊಂಡಿದ್ದ. ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸಿ ನಿವೃತ್ತನಾದ ಅವನಿಗೆ ಎಲ್ಲ ಕೆಲಸಕ್ಕೂ ಒಂದು ನಿಯಮ ಬೇಕು. ಇಲ್ಲಿ ಅವನ ನಿಯಮ ಎಲೆ ಬಾಗಿದರೆ ಒಂದು ಕೆಟಲ್ ನೀರು. ಕಳೆದ ಏಳು ದಿನಗಳಲ್ಲಿ ಎಲೆ ಹನ್ನೊಂದು ಸಲ ಬಾಗಿತ್ತು. ಆ ದಿನವೂ ಕೆಟಲ್ ಎತ್ತಿದ.

ಪಕ್ಕದ ಮಾಳಿಗೆಯಲ್ಲಿ ಬಟ್ಟೆ ಹರವುತ್ತಿದ್ದ ನೆರೆಯ ಬತೂಲ್ ಎದೆಮಟ್ಟದ ಗೋಡೆಗೆ ಬಂದು ನಿಂತಳು.

“ಏನ್ ಬೂಸಲ್ಹಾಮ್ ಸಾಹೇಬ್ರೆ, ಮತ್ತೆ ಸ್ನಾನಾನಾ? ಹೆಣ ತೊಳ್ಯೋರೂ ಇಷ್ಟು ನೀರು ಹಾಕಲ್ಲ.”

ಬಾಯಾರಿದೆ ಎಂದು ಅವನು ಹೇಳಿದ. ಬೆರಳು ಮಣ್ಣಿಗೆ ಹಾಕಿ ನೋಡಲು ಅವಳು ಹೇಳಿದಳು. ಬೆರಳು ಎರಡನೇ ಗೆಣ್ಣಿನವರೆಗೆ ಕೆಸರಿನಲ್ಲಿ ಇಳಿಯಿತು. ಹೊರಗೆ ಬಂದಾಗ ಚರಂಡಿಯ ವಾಸನೆ.

ಬಿಸಿಲಿಗೆ ಮಧ್ಯಾಹ್ನ ಬಾಗಿ ಸಂಜೆ ಎದ್ದು ನಿಂತರೆ ಅದು ರೋಗವಲ್ಲ ಎಂದು ಬತೂಲ್ ವಿವರಿಸಿದಳು. ಮಣ್ಣು ಒಣಗಿ ಬಾಗಿದರೆ ಬಾಯಾರಿಕೆ. ಮಣ್ಣು ಒದ್ದೆಯಿದ್ದೂ ಬೆಳಗಿನ ತಂಪಿನಲ್ಲೂ ಬಾಗಿದ್ದರೆ ಬೇರಿಗೆ ಉಸಿರು ಕಟ್ಟಿದೆ ಎಂದರ್ಥ. ಗಿಡ ಮೂರು ದಿನದಿಂದ ಬೆಳಿಗ್ಗೆಯೂ ಎದ್ದಿರಲಿಲ್ಲ ಎಂದು ಅವನು ಒಪ್ಪಿಕೊಂಡ.

ಆಮೇಲೆ ಅವಳ ಕಣ್ಣು ಕುಂಡದ ಕೆಳಗೆ ಹೋಯಿತು. ಹೆಂಡತಿ ಬರುವಳೆಂದು ಬೂಸಲ್ಹಾಮ್ ಮಾಳಿಗೆಗೆ ಹೊಸದಾಗಿ ಸುಣ್ಣ ಹೊಡೆಸಿದ್ದ. ಕುಂಡದಿಂದ ಇಳಿಯುವ ಕಂದು ನೀರು ಸುಣ್ಣದ ಮೇಲೆ ಗೆರೆ ಎಳೆಯಬಾರದೆಂದು, ನೆಂಟರಿಗೆ ಚಹಾ ಇಡುವ ಹಳೆಯ ಹಿತ್ತಾಳೆ ತಟ್ಟೆಯ ಮೇಲೆ ಕುಂಡ ಕೂರಿಸಿದ್ದ. ತಟ್ಟೆಯ ಅಂಚು ಎತ್ತರ. ಒಳಗೆ ಎರಡು ಬೆರಳು ನೀರು ನಿಂತಿತ್ತು. ಚಹಾ ಎಲೆ ತೊಳೆದು ಚೆಲ್ಲುವ ಕಹಿ ನೀರನ್ನೂ ದಿನಕ್ಕೆ ಮೂರು ಸಲ ಕುಂಡಕ್ಕೇ ಹಾಕುತ್ತಿದ್ದೆ, ಗೊಬ್ಬರವಾಗಲಿ ಎಂದು, ಅಂದ.

ಬಾಬ್ ಜ್ದೀದ್ ಸಂತೆಯಲ್ಲಿ ಬೇರು ಸಹಿತ ಪುದೀನ ಸಿಗುತ್ತದೆ, ಇಂಥದ್ದೇ ಒಂದನ್ನು ತಂದು ನೆಟ್ಟರೆ ಹೇಗೆ ಎಂದು ಅವನು ಮೆಲ್ಲಗೆ ಕೇಳಿದ.

“ಮೂವತ್ತೊಂದು ವರ್ಷ ಮೂಸಿದಾಳೆ ಅವಳು ಇದನ್ನ. ನಿಮ್ಮನ್ನ ಬದಲಾಯಿಸಿದ್ರೆ ಗೊತ್ತಾಗದೇ ಇರ್ಬಹುದು. ಪುದೀನ ಬದಲಾಯಿಸಿದ್ರೆ ಮೆಟ್ಟಿಲಲ್ಲೇ ಗೊತ್ತಾಗುತ್ತೆ.”

ಬತೂಲ್ ಗೋಡೆಯ ಮೇಲಿಂದ ಹೊಲಿಗೆ ಕತ್ತರಿ ಕೊಟ್ಟು, ಅಲ್ಲಿಂದಲೇ ಒಂದೊಂದಾಗಿ ಹೇಳಿದಳು. ಅವನು ಪತ್ರಿಕೆ ಹಾಸಿ ಕುಂಡ ಬೋರಲು ಹಾಕಿದ. ಕಂದು ಬೇರುಗಳು ಬೆಂದ ಈರುಳ್ಳಿ ಸಿಪ್ಪೆಯಂತೆ ಜಾರಿಬಂದವು, ಅವನ್ನು ಕತ್ತರಿಸಿದ. ಬಿಳಿಯವು ಅರ್ಧಕ್ಕಿಂತ ಕಡಿಮೆ. ಕುಂಡದ ಮೂರು ತೂತುಗಳಲ್ಲಿ ಮುಚ್ಚಿಹೋಗಿದ್ದ ಒಂದನ್ನು ಮೊಳೆಯಿಂದ ಬಿಡಿಸಿದ. ಒಣ ಮಣ್ಣಿಗೆ ಮೂರರಲ್ಲೊಂದು ಪಾಲು ಮರಳು ಬೆರೆಸಿ ಬೇರು ನೆಟ್ಟ. ಕಾಂಡಗಳನ್ನು ಎರಡು ಬೆರಳೆತ್ತರಕ್ಕೆ ಕತ್ತರಿಸುವಾಗ ಅವನ ಕೈ ನಿಂತಿತು. ಅರ್ಧ ಬೇರು ಇಡೀ ತಲೆ ಹೊರಲಾರದು ಎಂದಳು ಬತೂಲ್. ಕತ್ತರಿಸಿದ. ಕೊಳೆಯದ ನಾಲ್ಕು ತುದಿಗಳನ್ನು ಆರಿಸಿ, ಕೆಳಗಿನ ಎಲೆ ಕಿತ್ತು, ಚಹಾ ಲೋಟದ ನೀರಿನಲ್ಲಿ ನಿಲ್ಲಿಸಿದ. ಕುಂಡ ಎರಡು ಇಟ್ಟಿಗೆ ತುಂಡುಗಳ ಮೇಲೆ ಕೂತಿತು. ಬಿಳಿ ಮಾಳಿಗೆಯ ಝಳ ತಡೆಯಲು ತಂತಿಯ ಮೇಲೆ ಹಳೆಯ ಹಾಸಿಗೆ ಬಟ್ಟೆ ಇಳಿಬಿಟ್ಟ.

ಇಳಿಹೊತ್ತಿನ ಅಸರ್ ನಮಾಜಿನ ನಂತರ ಝಹೂರ್ ಎಂದಿನಂತೆ ಫೋನ್ ಮಾಡಿ ಗಂಡನಿಗಿಂತ ಮೊದಲು ಪುದೀನವನ್ನು ವಿಚಾರಿಸಿದಳು. ಮೂರು ದಿನದಿಂದ ಅವನು ಚೆನ್ನಾಗಿದೆ ಎನ್ನುತ್ತಿದ್ದ. ಅಂದು ಕತ್ತರಿಸಿದೆ ಎಂದ.

“ಎಷ್ಟು?”

“ಎಲ್ಲಾ.”

ಅಳುತ್ತಿದ್ದ ಮಗುವನ್ನು ಮಗಳಿಗೆ ಕೊಟ್ಟು ಅವಳು ಕೇಳಿದಳು.

“ತಟ್ಟೆ ಇಟ್ಟಿದ್ರಾ ಕೆಳಗೆ?”

ಹೇಗೆ ಗೊತ್ತಾಯಿತೆಂದು ಅವನು ಕೇಳಿದ.

“ಸುಣ್ಣ ಹೊಡಿಸ್ತೀನಿ ಅಂದಾಗ್ಲೇ ಅನ್ಕೊಂಡೆ. ಬೇರು ಬಿಳಿ ಇದ್ಯಾ? ಇದ್ರೆ ಬಿಡಿ, ಬರುತ್ತೆ. ಇಲ್ಲಾಂದ್ರೂ ಬೇರೆ ತಂದು ಇದು ಅದೇ ಅನ್ಬೇಡಿ. ಅದೊಂದು ಮಾತ್ರ ಬೇಡ.”

ಆರು ದಿನ ಕುಂಡದಲ್ಲಿ ಕಡ್ಡಿಗಳಷ್ಟೇ ಇದ್ದವು. ಬೂಸಲ್ಹಾಮ್ ಬೆಳಿಗ್ಗೆ ಬೆರಳಿಟ್ಟು ನೋಡುತ್ತಿದ್ದ. ಮೊದಲ ಗೆಣ್ಣಿನಷ್ಟು ಮಣ್ಣು ಒಣಗಿದ್ದರೆ ತಳದಿಂದ ಇಳಿಯುವವರೆಗೆ ನೀರು, ಇಲ್ಲದಿದ್ದರೆ ಹನಿಯೂ ಇಲ್ಲ. ಏಳನೇ ದಿನ ಬೆಳಿಗ್ಗೆ ಮಣ್ಣಿನಿಂದ ಒಂದು ನೇರಳೆ ಮೊಳಕೆ ಎದ್ದಿತು. ಇಪ್ಪತ್ತೆರಡರ ಹೊತ್ತಿಗೆ ಒಂಬತ್ತು. ಲೋಟದ ನಾಲ್ಕು ತುದಿಗಳಲ್ಲಿ ಮೂರು ಬೇರು ಬಿಟ್ಟವು.

ಇಪ್ಪತ್ತನಾಲ್ಕರಂದು ಪೂರ್ವದ ಬಿಸಿಗಾಳಿ ಬೀಸಿತು. ಮಧ್ಯಾಹ್ನ ಒಂದಕ್ಕೆ ಒಂಬತ್ತೂ ಚಿಗುರುಗಳು ಬಾಗಿದವು. ಅವನು ಕೆಟಲ್ ತುಂಬಿಸಿ ತಂದ, ಬೆರಳಿಟ್ಟ. ಮಣ್ಣು ತಣ್ಣಗಿತ್ತು. ಕೆಟಲ್ ಕೆಳಗಿಟ್ಟು ಗೋಡೆಯ ನೆರಳಿನಲ್ಲಿ ಕುಳಿತ. ನೀರು ಹಾಕಿದರೆ ತಪ್ಪು ಎಂದು ಗೊತ್ತಿತ್ತು, ಹಾಕದೆ ಸತ್ತರೆ ಏನು ಹೇಳುವುದೆಂದು ಗೊತ್ತಿರಲಿಲ್ಲ. ಸಂಜೆ ಏಳಕ್ಕೆ ಚಿಗುರುಗಳು ನೆಟ್ಟಗಾದವು. ಅವನು ಊಟಕ್ಕೆ ಇಳಿದ.

ಶುಕ್ರವಾರ ಹನ್ನೊಂದೂವರೆಗೆ ಬಂದ ಝಹೂರ್ ಮೈಮೇಲಿನ ಉದ್ದ ನಿಲುವಂಗಿ ಜಲ್ಲಾಬಾ ಕೂಡ ತೆಗೆಯದೆ ಮಾಳಿಗೆ ಹತ್ತಿದಳು. ಮಣ್ಣಿಗೆ ಬೆರಳಿಟ್ಟಳು. ಒಂದು ಎಲೆ ಚಿವುಟಿ, ಉಜ್ಜಿ, ಮೂಗಿನ ಹತ್ತಿರ ಹಿಡಿದಳು.

“ಅದೇ,” ಎಂದಳು.

ಅಂದಿನ ಚಹಾಕ್ಕೆ ಸಂತೆಯ ಪುದೀನ ಹಾಕಿದರು. ಕುಂಡದಿಂದ ಮೊದಲ ಎರಡು ಕಡ್ಡಿ ಕಿತ್ತದ್ದು ಜೂನ್ ಹನ್ನೆರಡರಂದು. ಆ ಚಹಾದ ಮೊದಲ ಲೋಟ ಬತೂಲ್ ಮನೆಗೆ ಹೋಯಿತು.